ಭದ್ರತಾ ಸಂಸ್ಥೆಗಳ ಅನುದಾನ: ಯಾವ ಅಂಕಿಯನ್ನು ಹಿಡಿದು ಹೋಲಿಸಬೇಕು?

ಕೇಂದ್ರದ ಭದ್ರತಾ ಸಂಸ್ಥೆಗಳ ವಾರ್ಷಿಕ ಅನುದಾನವನ್ನು ಹೋಲಿಸಲು ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವಿಕ ವೆಚ್ಚ ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದ್ದೀರಿ.

ಸರ್ಕಾರದ ಈಗಿನ ಆದ್ಯತೆ ತಿಳಿಯಬೇಕಿದ್ದರೆ ಬಜೆಟ್ ಅಂದಾಜು ಸಾಕು. 2025-26ರಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯಾದ ಸಿಆರ್‌ಪಿಎಫ್‌ಗೆ ಸುಮಾರು 35,147 ಕೋಟಿ, ಗಡಿ ಭದ್ರತಾ ಪಡೆಯಾದ ಬಿಎಸ್‌ಎಫ್‌ಗೆ 28,231 ಕೋಟಿ, ಗುಪ್ತಚರ ದಳವಾದ ಐಬಿಗೆ 3,893 ಕೋಟಿ ರೂಪಾಯಿ ತೆಗೆದಿರಿಸಲಾಗಿತ್ತು. ಆದರೆ ಇದು ಸಂಕಲ್ಪವೇ ಹೊರತು ಖರ್ಚಲ್ಲ.

ನಿಖರತೆಯಲ್ಲಿ ವಾಸ್ತವಿಕ ವೆಚ್ಚವೇ ಮೇಲು. ಹತ್ತು ವರ್ಷಗಳ ಏರಿಳಿತವನ್ನು ಅಧ್ಯಯನ ಮಾಡುವವರು ಇದನ್ನೇ ಹಿಡಿಯುವುದು ಲೇಸು. ತೊಡಕೆಂದರೆ ವಿಳಂಬ: 2025-26ರ ಬಜೆಟ್ ಪತ್ರದಲ್ಲಿ ಸಿಗುವುದು 2023-24ರ ವೆಚ್ಚ. ಪರಿಷ್ಕೃತ ಅಂದಾಜು ಇವೆರಡರ ನಡುವಿನದು, ವರ್ಷದ ಮಧ್ಯದ ಬದಲಾವಣೆಯನ್ನು ಗುರುತಿಸಲು ಉಪಯುಕ್ತ.

ಯಾವ ಅಂಕಿಯನ್ನು ಆರಿಸಿದರೂ ಎಲ್ಲ ಸಂಸ್ಥೆಗಳಿಗೂ ಅದೇ ಇರಲಿ. ಜತೆಗೆ, ಲಕ್ಷಗಟ್ಟಲೆ ಸಿಬ್ಬಂದಿಯ ಸಂಬಳ, ಪಡಿತರಗಳನ್ನು ಹೊತ್ತ ಪಡೆಯನ್ನು ಐಬಿಯೊಡನೆ ಒಟ್ಟು ಮೊತ್ತದಲ್ಲಿ ತೂಗುವುದು ನನಗೆ ಸರಿಕಾಣದು. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯಾದ ಸಿಐಎಸ್‌ಎಫ್ ವಿಷಯದಲ್ಲಂತೂ, ಅದರ ಕಾವಲನ್ನು ಪಡೆಯುವ ಸಾರ್ವಜನಿಕ ಉದ್ದಿಮೆಗಳು ವೆಚ್ಚವನ್ನು ಮರುಪಾವತಿಸುವುದರಿಂದ, ಅನುದಾನದ ಮೊತ್ತವೆಲ್ಲ ಬೊಕ್ಕಸದ ನಿವ್ವಳ ಹೊರೆಯಲ್ಲ.