ತೋಳೊಳಗಿನ ರಾಡ್‌ಗೆ ಮೂರು ವರ್ಷ: ಮೂಳೆಗೆ ಫುಲ್ ಮಾರ್ಕ್ಸ್, ಭುಜಕ್ಕೆ ಇಲ್ಲ

ಸ್ಕೂಟರಿನಿಂದ ಬಿದ್ದು ನನ್ನ ಬಲ ತೋಳಿನ ಮೂಳೆ ಎರಡು ಕಡೆ ಮುರಿದಿತ್ತು. ಅತ್ತೆ ಪುತ್ತೂರು ಕಟ್ಟು ಹಾಕಿಸು ಅಂದರು. ಒಂದೇ ಕಡೆ ಮುರಿದು ನೆಟ್ಟಗೆ ನಿಂತಿದ್ದರೆ ತೋಳಿಗೆ ಹೊರಗಿನಿಂದ ಕಟ್ಟುವ ಬ್ರೇಸ್‌ನಲ್ಲೇ ಕೂಡುತ್ತಿತ್ತು, ನಿಮ್ಮದು ಹಾಗಿಲ್ಲ, ಆಪರೇಶನ್ನೇ ಬೇಕು ಅಂದರು ಡಾಕ್ಟರ್. ಮೂಳೆಯ ಮೇಲೆ ಕೂರಿಸುವ ಲೋಹದ ಪ್ಲೇಟ್ ಆದರೆ ಉದ್ದಕ್ಕೆ ಕೊಯ್ಯಬೇಕು, ಮೂಳೆಯನ್ನು ಸುತ್ತಿಕೊಂಡು ಹೋಗುವ, ಮಣಿಕಟ್ಟು ಮೇಲೆತ್ತಿಸುವ ರೇಡಿಯಲ್ ನರದ ಹತ್ತಿರವೇ ಕೈ ಹಾಕಬೇಕು. ರಾಡ್ ಆದರೆ ಭುಜದ ಮೇಲೆ ಸಣ್ಣ ಗಾಯ. ಪರದೆಗೆ ಕಂಬಿ ತೂರಿಸಿದ ಹಾಗೆ ಮೂಳೆಯ ಪೊಳ್ಳಿನೊಳಗೆ ಟೈಟಾನಿಯಂ ರಾಡ್ ಇಳಿಸಿ, ಮೇಲೆ ಕೆಳಗೆ ಸ್ಕ್ರೂ ಹಾಕಿದರು. 1939ರಲ್ಲಿ ಜರ್ಮನಿಯ ಸರ್ಜನ್ ಕ್ಯುಂಟ್ಷರ್ ತೊಡೆಮೂಳೆಗೆ ಮಾಡಿದ್ದೂ ಇದೇ ಉಪಾಯ ಅಂತ ಆಮೇಲೆ ಓದಿಕೊಂಡೆ.

ಎಚ್ಚರವಾದ ತಕ್ಷಣ ಡಾಕ್ಟರ್ ಕೇಳಿದ್ದು ನೋವಿದೆಯಾ ಅಂತಲ್ಲ. "ಮಣಿಕಟ್ಟು ಮೇಲೆತ್ತಿ ನೋಡೋಣ" ಅಂತ. ಎತ್ತಿದೆ. ನರ ಸರಿ ಇದೆ ಅಂತ ಅವರಿಗೆ ನೆಮ್ಮದಿ. ನಾಲ್ಕು ತಿಂಗಳ ಎಕ್ಸ್‌ರೇಯಲ್ಲಿ ಎರಡೂ ಕಡೆ ಮೂಳೆ ಕೂಡಿತ್ತು. ಮೂಳೆಯ ಬಗ್ಗೆ ತಕರಾರೇ ಇಲ್ಲ.

ತಕರಾರು ಭುಜದ್ದು. ರಾಡ್ ಒಳಗೆ ಹೋಗುವುದು ಕೈ ಎತ್ತಿಸುವ ಸ್ನಾಯುವಿನ ಪಟ್ಟಿಯನ್ನು ಸೀಳಿಕೊಂಡು. ಅದನ್ನು ಹೊಲಿಯುತ್ತಾರೆ, ನಿಜ. ಆದರೆ ಈ ರಾಡ್ ಹಾಕಿಸಿಕೊಂಡವರಲ್ಲಿ ಭುಜ ನೋವು ಮಾಮೂಲಿ ದೂರು ಅಂತ ನನಗೆ ಮೊದಲೇ ಯಾರೂ ಬಿಡಿಸಿ ಹೇಳಲಿಲ್ಲ. ಡಿಸ್ಚಾರ್ಜ್ ದಿನ ವ್ಯಾಯಾಮದ ಚೀಟಿಯೊಂದನ್ನು ಬಿಲ್ಲಿನ ಜೊತೆ ಪಿನ್ ಮಾಡಿ ಕೊಟ್ಟರು, ಅಷ್ಟೇ. ನಾನು ಬಿಲ್ಲನ್ನೇ ಓದಿದೆ!

ನಾನು ಟೀಚರ್. ಶಾಲೆಗೆ ವಾಪಸ್ ಹೋದಾಗ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯಲು ಆಗುತ್ತಿತ್ತು. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ಬರೆದುಕೊಳ್ಳುತ್ತಿದ್ದರು. ಜಡೆ ಹಾಕಿಕೊಡುತ್ತಿದ್ದವಳು ಮಗಳು. ಕೊನೆಗೆ ಫಿಸಿಯೋ ಹತ್ತಿರ ಹೋದೆ. ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು, ಗೋಡೆ ಮೇಲೆ ಬೆರಳುಗಳನ್ನು ಹತ್ತಿಸುವುದು. ಬೆರಳು ಮುಟ್ಟಿದಲ್ಲಿ ದಿನಾ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಒಂದು ವಾರ ಪೂರ್ತಿ ಗೆರೆ ಮೇಲೇ ಗೆರೆ. ಸುಮ್ನೆ ಬಿಟ್ಟುಬಿಡೋಣ ಅನ್ನಿಸಿತ್ತು.

ಈಗ ಬೋರ್ಡಿನ ತುದಿಗೆ ಕೈ ಹೋಗುತ್ತದೆ. ಅಟ್ಟದ ಮೇಲಿನ ಭಾರದ ಡಬ್ಬ ಮಾತ್ರ ಎಡಗೈಯ ಕೆಲಸ. ಆ ಮಗ್ಗುಲಿಗೆ ಜಾಸ್ತಿ ಹೊತ್ತು ಮಲಗಿದರೆ ನೋವು. ರಾಡ್ ತೆಗೆಸಬೇಕಾ ಅಂತ ಡಾಕ್ಟರನ್ನು ಕೇಳಿದೆ. ತೊಂದರೆ ಕೊಡದಿದ್ದರೆ ಇರಲಿ ಬಿಡಿ, ತೆಗೆಯೋಕೆ ಮತ್ತೆ ಅದೇ ದಾರಿಯಲ್ಲಿ ಹೋಗಬೇಕಲ್ವಾ ಅಂದರು. ಒಳಗೇ ಇದೆ.

ಐದರಲ್ಲಿ ನಾಲ್ಕು ಸ್ಟಾರ್. ಹಾಕಿಸಿಕೊಳ್ಳುವವರು ಆ ಚೀಟಿಯನ್ನು ಬಿಲ್ಲಿಗಿಂತ ಮೊದಲು ಓದಿ. ಗೋಡೆಯ ಗೆರೆಗಳಿಗೆ ಇನ್ನೂ ಬಣ್ಣ ಬಳಿಸಿಲ್ಲ.