ಉಡುಗೊರೆಗೆ ಪೆನ್ ಪೆನ್ಸಿಲ್: ಮೊದಲು ಮೂತಿ ನೋಡಿ

ಒಳ್ಳೆಯ ಪೆನ್ ಪೆನ್ಸಿಲ್ ಕೆಡುವುದು ಹೆಚ್ಚಾಗಿ ಮೂತಿಯಲ್ಲೇ. ಡ್ರಾಯಿಂಗ್ ಮಾದರಿಗಳಲ್ಲಿ ಲೆಡ್ ಹೊರಬರುವ ಲೋಹದ ನಳಿಗೆ 4 ಮಿ.ಮೀ. ಉದ್ದವಿರುತ್ತದೆ. ಮೇಜಿನಿಂದ ತಲೆಕೆಳಗಾಗಿ ಬಿದ್ದರೆ ಅದು ಸೊಟ್ಟಗಾಗುತ್ತದೆ, ಆಮೇಲೆ ಲೆಡ್ ಒಳಗೇ ತುಂಡಾಗುತ್ತದೆ. ಇಕ್ಕಳ ಹಿಡಿದು ನೆಟ್ಟಗೆ ಮಾಡಹೋದರೆ ನಳಿಗೆ ಚಪ್ಪಟೆಯಾಗುವುದೇ ಜಾಸ್ತಿ.

ಅದಕ್ಕೇ ಬಾಳಿಕೆಯ ಉಡುಗೊರೆ ಅಂದರೆ ನಮ್ಮ ಮೊದಲ ಆಯ್ಕೆ ಪೆಂಟೆಲ್ ಗ್ರಾಫ್‌ಗಿಯರ್ 1000. ಹಿಂದಿನ ಗುಂಡಿ ಒತ್ತಿದರೆ ಮೂತಿ ಹೊರಗೆ, ಕ್ಲಿಪ್ ಅದುಮಿದರೆ ಟಪ್ಪೆಂದು ಒಳಗೆ. ಬಿಎಂಟಿಸಿ ಬಸ್ಸಿನ ನೂಕಾಟದಲ್ಲಿ ಜೇಬಿಗೂ ಕ್ಷೇಮ, ಮೂತಿಗೂ ಕ್ಷೇಮ. ಲೋಹದ ಮೈ, ತೂಕ ಸುಮಾರು 20 ಗ್ರಾಂ. ಆ ಟಪ್ಪೆನ್ನುವ ಸದ್ದು ಮಾತ್ರ ಲೈಬ್ರರಿಯಲ್ಲಿ ಪಕ್ಕದವರಿಗೆ ಹಿಡಿಸಲಿಕ್ಕಿಲ್ಲ.

ರಾಟ್ರಿಂಗ್ 600 ನೋಡಲು ಇದಕ್ಕಿಂತ ಚೆಂದ. ಹಿತ್ತಾಳೆಯ ಆರು ಮೂಲೆಯ ಮೈ, ಮೇಜಿನ ಮೇಲೆ ಉರುಳುವುದಿಲ್ಲ. ಆದರೆ ಮೂತಿ ಒಳಗೆ ಹೋಗುವುದಿಲ್ಲ, ಭಾರವೂ ಮುಂದಕ್ಕೇ ಇದೆ. ಬಿದ್ದರೆ ಕಥೆ ಮುಗಿಯಿತು. ಮೇಜು ಬಿಟ್ಟು ಕದಲದ ಆರ್ಕಿಟೆಕ್ಟ್‌ಗೆ ಕೊಡಿ, ಹೈಸ್ಕೂಲ್ ಹುಡುಗನಿಗೆ ಬೇಡ. ಅವನಿಗೆ ಪೆಂಟೆಲ್ ಪಿ205 ಸಾಕು: ಪ್ಲಾಸ್ಟಿಕ್ ಮೈ, ಹಗುರ, ಅಳಿಸುವ ರಬ್ಬರಿನ ಬುಡದಲ್ಲೇ ಮೂತಿಯಲ್ಲಿ ಸಿಕ್ಕಿಕೊಂಡ ಲೆಡ್ ಬಿಡಿಸುವ ಸೂಜಿ. ಇದರ ಮೂತಿಯೂ ಒಳಗೆ ಹೋಗುವುದಿಲ್ಲ, ಡಬ್ಬಿಯಲ್ಲಿಟ್ಟು ಒಯ್ಯಲು ಹೇಳಿ.

ಯೂನಿ ಕುರು ಟೋಗಾದ ಗುಣ ಬೇರೆ. ಪ್ರತಿ ಸಲ ಮೊನೆ ಕಾಗದದಿಂದ ಎದ್ದಾಗ ಲೆಡ್ ಒಂಚೂರು ತಿರುಗಿ, ಒಂದೇ ಪಕ್ಕ ಸವೆಯುವುದು ತಪ್ಪುತ್ತದೆ. ಕೂಡಿಸಿ ಬರೆಯುವ ಕರ್ಸಿವ್ ಇಂಗ್ಲಿಷಿನಲ್ಲಿ ಕೈ ಏಳುವುದೇ ಕಡಿಮೆ, ಹಾಗಾಗಿ ಲಾಭವೂ ಕಡಿಮೆ. ಅಕ್ಷರಕ್ಕೊಮ್ಮೆ ಕೈ ಎತ್ತುವ ಕನ್ನಡಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಸ್ಕೇಲ್ ಹಿಡಿದು ಗೆರೆ ಎಳೆಯುವವರಿಗೆ ಮೊನೆಯ ಸಣ್ಣ ಅಲುಗಾಟ ಕಿರಿಕಿರಿ.

ಬೆಂಗಳೂರಿನ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಕೊಳ್ಳುವುದಾದರೆ ಪ್ಯಾಕ್ ಬಿಚ್ಚಿಸಿ ಪರೀಕ್ಷಿಸಿ. ಮೂರು ಸಲ ಒತ್ತಿ, ಲೆಡ್ಡನ್ನು ಕಾಗದಕ್ಕೆ ನೇರವಾಗಿ ಮೆಲ್ಲಗೆ ಊರಿ. ಕುರು ಟೋಗಾ ಬಿಟ್ಟು ಮಾಮೂಲಿ ಮಾದರಿಯಲ್ಲಿ ಅದು ಹಿಂದಕ್ಕೆ ಜಾರಿದರೆ ಒಳಗಿನ ಹಿತ್ತಾಳೆಯ ಹಲ್ಲುಗಳು ಬಿಗಿಯಾಗಿ ಕಚ್ಚುತ್ತಿಲ್ಲ. ಮೂತಿ ಕೆಳಗೆ ಮಾಡಿ ಗುಂಡಿ ಒತ್ತಿಯೇ ಹಿಡಿಯಿರಿ: ಲೆಡ್ ಸರ್ರನೆ ಉದುರಿದರೆ ಮೂತಿಯೊಳಗೆ ಲೆಡ್ ಹಿಡಿದಿಡುವ ಪುಟ್ಟ ರಬ್ಬರ್ ಕೆಲಸ ಮಾಡುತ್ತಿಲ್ಲ. ಎರಡರಲ್ಲಿ ಒಂದಾದರೂ ಬೇರೆ ಪೀಸ್ ಕೇಳಿ.

ಜೊತೆಗೊಂದು ಡಬ್ಬಿ 0.5 ಮಿ.ಮೀ. ದಪ್ಪದ, ಮೆತ್ತನೆಯ ‘ಬಿ’ ಲೆಡ್ ಇಡಿ. ಒತ್ತಿ ಬರೆಯುವ ಕೈಯಾದರೆ ಪೆನ್ಸಿಲ್ಲು, ಲೆಡ್ಡು ಎರಡನ್ನೂ 0.7ರಲ್ಲೇ ಕೊಳ್ಳಿ. ಒಮ್ಮೆಗೆ ಎರಡು ಮೂರು ಕಡ್ಡಿಗಿಂತ ಹೆಚ್ಚು ತುಂಬಿದರೆ ಸಿಕ್ಕಿಕೊಳ್ಳುತ್ತವೆ. ಕೊನೆಯ ಒಂದು, ಒಂದೂವರೆ ಸೆಂ.ಮೀ. ತುಂಡನ್ನು ಹಲ್ಲು ಹಿಡಿಯುವುದಿಲ್ಲ, ಪೆನ್ಸಿಲ್ ಕೆಟ್ಟಿತೆಂದು ಗಾಬರಿಯಾಗದೆ ಎಳೆದು ಬಿಸಾಕಬಹುದು.