ತೋಳು ನೋವೆಂದು ಕುತ್ತಿಗೆ ತಿರುಚಿಸಿಕೊಳ್ಳಬೇಡಿ

ಶಿರಸಿ ಸೀಮೆಯಲ್ಲಿ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಭುಜ, ತೋಳು ಹಿಡಿದುಕೊಂಡವರು ಮನೆಗೊಬ್ಬರಾದರೂ ಸಿಗುತ್ತಾರೆ. ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ತಲೆ ಬಗ್ಗಿಸಿ ಕುಳಿತು ಅಡಿಕೆ ಸುಲಿಯುವವರಿಗೆ ಅದು ದುಡಿಮೆಯ ನೋವೆಂದೇ ತೋರುತ್ತದೆ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಂಡರೆ ಎಷ್ಟೋ ಜನರಿಗೆ ಇಳಿಯುವುದೂ ಉಂಟು. ನನ್ನ ಭಾವನಿಗೆ ಇಳಿಯಲಿಲ್ಲ. ಆಮೇಲೆ ನಡೆದದ್ದು ಇನ್ನೊಂದು ಮನೆಯಲ್ಲಿ ನಡೆಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಭಾವನ ನೋವು ಬಲಭುಜದ ಹಿಂಬದಿಯಿಂದ ಹೊರಟು, ತೋಳಿನ ಹೊರಮೈಗುಂಟ ಇಳಿದು ಹೆಬ್ಬೆರಳು ಮತ್ತು ತೋರುಬೆರಳಿನವರೆಗೆ ಹೋಗುತ್ತಿತ್ತು. ಆ ಎರಡು ಬೆರಳುಗಳಲ್ಲಿ ಸದಾ ಜೋಮು. ರಾತ್ರಿ ನಿದ್ದೆ ಬಾರದೆ ಜಗುಲಿಯಲ್ಲಿ ಬಲಗೈಯನ್ನು ನೆತ್ತಿಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಹಾಗೆ ಇಟ್ಟುಕೊಂಡಾಗ ಮಾತ್ರ ನೋವು ತಗ್ಗುತ್ತಿತ್ತು. ಊರವರ ಸಲಹೆಯಂತೆ ಉಳುಕು ತೆಗೆಯುವವರೊಬ್ಬರನ್ನು ಕರೆಸಲಾಯಿತು. ಅವರು ಜೋಮಿನ ವಿಷಯ ಕೇಳಲಿಲ್ಲ, ಕೈಯ ಹಿಡಿತ ಪರೀಕ್ಷಿಸಲಿಲ್ಲ. "ಭುಜದ ನರ ಹೊರಳಿದೆ" ಎಂದು ತೋಳನ್ನು ಜಗ್ಗಿದರು, ಕೊನೆಗೆ ಗದ್ದವನ್ನೂ ಹಿಂದಲೆಯನ್ನೂ ಹಿಡಿದು ಕುತ್ತಿಗೆಯನ್ನು ಚಟಕ್ಕನೆ ತಿರುಗಿಸಿ ನೆಟಿಗೆ ತೆಗೆದರು. ಭಾವ ಕೂಗಿಕೊಂಡಾಗ, ಎರಡು ದಿನ ನೋಯುವುದು ಸಹಜವೆಂದರು. ಮರುದಿನ ಬೆಳಿಗ್ಗೆ ನೀರಿನ ಚೊಂಬನ್ನು ಎತ್ತಹೋದರೆ ಭಾವನ ಮಣಿಕಟ್ಟು ನಿಲ್ಲದೆ ಕೆಳಗೆ ಬಾಗಿತು. ಈ ಸಂಗತಿ ತಿಳಿಸಿದಾಗ ಅವರು ಕೊಟ್ಟ ಉತ್ತರ, ಇನ್ನೊಮ್ಮೆ ತಿರುಗಿಸಿದರೆ ಸರಿಹೋಗುತ್ತದೆ ಎಂಬುದು. ನನ್ನ ಅಕ್ಕ ಒಪ್ಪದೆ ಭಾವನನ್ನು ಹುಬ್ಬಳ್ಳಿಗೆ ಕರೆದೊಯ್ದಳು.

ಅಲ್ಲಿನ ನರರೋಗ ತಜ್ಞರು ನೆತ್ತಿಯ ಮೇಲೆ ಕೈಯಿಟ್ಟರೆ ಹಾಯೆನಿಸುತ್ತದೆ ಎಂಬ ಮಾತು ಕೇಳಿದೊಡನೆ ಕುತ್ತಿಗೆಯ ಕಡೆಗೆ ಗಮನ ಹರಿಸಿದರು. ಎಂಆರ್‌ಐಯಲ್ಲಿ ಕುತ್ತಿಗೆಯ 5 ಮತ್ತು 6ನೆಯ ಕಶೇರುಗಳ (ಬೆನ್ನೆಲುಬಿನ ಮಣಿಗಳ) ನಡುವೆ ಮೆತ್ತೆಯಂತಿರುವ ಡಿಸ್ಕ್ ಹೊರಚಾಚಿ 6ನೆಯ ನರದ ಬೇರನ್ನು ಒತ್ತಿರುವುದು ಕಂಡಿತು. ಹೆಬ್ಬೆರಳಿನ ಸ್ಪರ್ಶವೂ ಮಣಿಕಟ್ಟನ್ನು ಮೇಲೆತ್ತುವ ಬಲವೂ ಬಹುಮಟ್ಟಿಗೆ ಆ ನರಕ್ಕೆ ಸೇರಿದವು. ಕೈ ಮೇಲಿಟ್ಟಾಗ ಅದರ ಮೇಲಿನ ಎಳೆತ ಸಡಿಲವಾಗುತ್ತಿತ್ತು. ತಿರುಚಿದ್ದರಿಂದಲೇ ಬಲ ಕುಂದಿತೆಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ಆದರೆ ಹೊರಚಾಚಿದ ಡಿಸ್ಕಿನ ಮೇಲೆ ಹಾಗೆ ಬಲ ಹಾಕಿದರೆ ಅದು ಬೆನ್ನುಹುರಿಯನ್ನೇ ಒತ್ತಿ ಕಾಲುಗಳ ಶಕ್ತಿಗೂ ಕುತ್ತು ತರಬಹುದು, ಅಪರೂಪಕ್ಕೆ ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಬಹುದು ಎಂದರು. ಇಂಥ ನರದ ಒತ್ತಡ ಹೆಚ್ಚಿನವರಲ್ಲಿ ವಿಶ್ರಾಂತಿ, ಔಷಧಿ, ವ್ಯಾಯಾಮಗಳಿಂದಲೇ ವಾರಗಳಲ್ಲಿ ಶಮನವಾಗುತ್ತದೆ ಎಂಬುದನ್ನು ಕೇಳಿದಾಗ ನನಗೆ ಇನ್ನಷ್ಟು ಸಂಕಟವಾಯಿತು. ಭಾವನಿಗೆ ಬಲ ಕುಂದುತ್ತಲೇ ಹೋದದ್ದರಿಂದ ಶಸ್ತ್ರಚಿಕಿತ್ಸೆ ಬೇಕಾಯಿತು, ಕೈ ಇನ್ನೂ ಪೂರ್ತಿ ಸುಧಾರಿಸಿಲ್ಲ.

ಭುಜದ ಕೀಲಿನದೇ ತೊಂದರೆಯಾದರೆ ಲಕ್ಷಣಗಳು ಬೇರೆ. ಬೇರೆಯವರು ಎತ್ತಿದರೂ ತೋಳು ಮೇಲೇಳದೆ ಬಿಗಿದುಕೊಂಡಿದ್ದರೆ ಅದು ಭುಜ ಹೆಪ್ಪುಗಟ್ಟಿದ ಸ್ಥಿತಿ ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ಆದ್ದರಿಂದ ರಕ್ತದ ಸಕ್ಕರೆಯನ್ನೂ ನೋಡಿಸಬೇಕು. ಬೇರೆಯವರು ಎತ್ತಿದರೆ ಏಳುವ ತೋಳು ತಾವಾಗಿ ಎತ್ತಲು ಬಾರದಿದ್ದರೆ ಭುಜದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿ) ಹರಿದಿರುವ ಸಾಧ್ಯತೆಯಿದೆ, ಮರದಿಂದಲೋ ಏಣಿಯಿಂದಲೋ ಬಿದ್ದವರಲ್ಲಿ ವಿಶೇಷವಾಗಿ. ಊಟದ ನಂತರ ಬಲ ಪಕ್ಕೆಯ ಜೊತೆಗೆ ಬಲಭುಜವೂ ನೋಯುವುದು ಪಿತ್ತಕೋಶದ ಕಲ್ಲಿನಿಂದಲೂ ಆಗುತ್ತದೆ. ಬೆರಳಿನ ಜೋಮು, ಕೈಯಿಂದ ವಸ್ತು ಜಾರುವುದು ಇದ್ದಲ್ಲಿ ಯಾರಿಗೂ ಕುತ್ತಿಗೆ ಮುಟ್ಟಗೊಡಬೇಡಿ. ನಡೆಯುವಾಗ ಕಾಲು ತಡವರಿಸಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಇವೆಲ್ಲಕ್ಕಿಂತ ನನಗೆ ಭಯ ಹೃದಯದ ನೋವಿನದು. ತೋಳನ್ನು ಅಲುಗಿಸಿದಾಗ ಹೆಚ್ಚಾಗದೆ, ತೋಟದಿಂದ ದರೆ ಹತ್ತುವಾಗ ಕಾಣಿಸಿಕೊಂಡು ಕುಳಿತಾಗ ಇಳಿಯುವ ತೋಳುನೋವು ಹೃದಯದ್ದಿರಬಹುದು. ಅದು ಎಡಗೈಯಲ್ಲೇ ಬರಬೇಕೆಂದಿಲ್ಲ. ಬಲಗೈ, ದವಡೆ, ಬೆನ್ನಿಗೂ ಬರುತ್ತದೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಇಲ್ಲದೆಯೂ ಬರಬಹುದು. ದೊಡ್ಡ ಚಿಕಿತ್ಸೆಗೆ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೋ ಕರಾವಳಿಯವರಾದರೆ ಮಣಿಪಾಲ, ಮಂಗಳೂರಿಗೋ ಹೋಗಬೇಕಾದ ನಮ್ಮಂಥವರಿಗೆ ಮನೆಯಲ್ಲಿ ಕಳೆಯುವ ಒಂದೊಂದು ತಾಸೂ ತುಟ್ಟಿ. ತೋಳುನೋವಿನೊಂದಿಗೆ ಬೆವರು, ಏದುಸಿರು, ವಾಕರಿಕೆ ಕಂಡರೆ ಬೈಕಿನಲ್ಲಿ ಕೂರಿಸಿಕೊಂಡು ಹೊರಡದೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿಸಿ.